ನಾಲ್ಕಿಂಚು ಅಂದವಳು

ಕೊನೆಯ ಮಾಮೂಲಿ ದಿನ ಒಂದು ಬುಧವಾರ. ಬೆಳಿಗ್ಗೆ ಆರಕ್ಕೆ ಗಂಡ ಪಿಕಪ್ಪಿನಲ್ಲಿ ಕೂತು ಎಂಜಿನ್ ಬಿಸಿಯಾಗಲೆಂದು ಕಾಯುತ್ತಿದ್ದ. ಹೆಂಡತಿ ಕಿಟಕಿಯ ಬಳಿ ಹೋಗಿ ಊಟದ ಡಬ್ಬಿ ಚಾಚಿದಳು. ಅವನು ಡಬ್ಬಿ ಹಿಡಿದುಕೊಂಡು ಅವಳ ನೆತ್ತಿಯನ್ನೇ ನೋಡಿದ.

"ಏನು ನೋಡ್ತಿದ್ದೀರಿ?"

"ನಿನ್ನ ಬೈತಲೆ ಕಣೆ. ಮದುವೆಯಾಗಿ ಹದಿನೆಂಟು ವರ್ಷಕ್ಕೆ ಮೇಲಿಂದ ನೋಡೋ ಭಾಗ್ಯ ಬಂತು. ಸೊಟ್ಟಗಿದೆ."

"ನಿಮ್ಮ ಮೂತಿ ಸೊಟ್ಟಗಿದೆ. ಹೊರಡಿ, ಹೊತ್ತಾಯ್ತು."

ಅವನು ನಕ್ಕ, ಗೇರು ಹಾಕಿದ, ಹೋದ. ಸಂಜೆ ಬಂದ. ಕಾಲು ತೊಳೆದ, ಉಂಡ, ಅಮ್ಮನ ಮಂಡಿಗೆ ಎಣ್ಣೆ ತಿಕ್ಕಿದ, ಮಲಗಿದ. ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ.

ಅವನದು ನೀರಿನ ವ್ಯಾಪಾರ. ಮನೆಯ ಮುಂದಿನ ಕೋಣೆಯಲ್ಲಿ ಫಿಲ್ಟರ್ ಯಂತ್ರ. ಅವಳು ಇಪ್ಪತ್ತು ಲೀಟರಿನ ಕ್ಯಾನು ತುಂಬಿ ಮುಚ್ಚಳ ಒತ್ತುವಳು. ಅವನು ಪಿಕಪ್ಪಿಗೆ ಏರಿಸಿಕೊಂಡು ಹೋಗಿ ಅಂಗಡಿ, ಆಫೀಸು, ಮನೆಗಳಿಗೆ ಹಾಕುವನು. ಗಿರಾಕಿಗಳು ಅವನನ್ನು ನೀರಣ್ಣ ಎನ್ನುತ್ತಿದ್ದರು. ಬೀದಿಯವರು ಗಂಡಹೆಂಡತಿಯನ್ನು ಸೇರಿಸಿ ಇಟ್ಟ ಹೆಸರು ಬೇರೆ: ಗಳ-ಗೂಟ. ಅವಳು ಗಳ, ಅವನು ಗೂಟ. ಐದಡಿಗೆ ಒಂದಿಂಚು ಕಮ್ಮಿ ಇದ್ದ. ಅವನ ಅಮ್ಮ ಅವನಿಗಿಂತಲೂ ಗಿಡ್ಡ. ತಮ್ಮ ಮಾತ್ರ ಅಪ್ಪನ ಹಾಗೆ ಬೆಳೆದಿದ್ದ.

"ಗೂಟ ಇಲ್ದೆ ಯಾವ ಡೇರೆ ನಿಲ್ಲುತ್ತೆ ಹೇಳು?" ಎಂದು ಅವನು ನಗುತ್ತಿದ್ದ. ಅವಳಿಗೆ ನಗು ಬರುತ್ತಿರಲಿಲ್ಲ. ಜೊತೆಯಲ್ಲಿ ಎಲ್ಲಿಗಾದರೂ ಹೊರಟರೆ ಅವಳು ನಾಲ್ಕು ಹೆಜ್ಜೆ ಹಿಂದೆ ನಡೆಯುವಳು. ಗಂಡನಿಗೆ ಮರ್ಯಾದೆ ಕೊಡುವ ಹೆಂಗಸು ಎಂದು ನೋಡಿದವರು ಹೊಗಳಿದರು. ಮರ್ಯಾದೆಯೂ ಇಲ್ಲ, ಮಣ್ಣೂ ಇಲ್ಲ. ಅವನ ಪಕ್ಕದಲ್ಲಿ ನಿಂತು ಕಾಣಿಸಿಕೊಳ್ಳಲು ಅವಳಿಗೆ ಇಷ್ಟವಿರಲಿಲ್ಲ, ಅಷ್ಟೇ.

ಒಂದು ಸಲ ಅವಳ ಅಕ್ಕನ ಮನೆಗೆ ಹೋದರು. ಭಾವ ಗೇಟಿನಲ್ಲೇ ನಿಂತಿದ್ದ. ಅವನ ಹಿಂದೆ ಅವನ ಹೊಸ ಜೀಪು, ಮಾಳಿಗೆಯಷ್ಟು ಎತ್ತರ.

"ಏನ್ರೀ ಷಡ್ಡಕರೇ, ಗಾಡಿ ತಾನಾಗೇ ಬಂತು ಅಂದ್ಕೊಂಡೆ! ಸ್ಟೇರಿಂಗ್ ಹಿಂದೆ ಯಾರೂ ಕಾಣಲೇ ಇಲ್ಲ!"

"ಮುಂದಿನ ಸಲ ಬಾವುಟ ಕಟ್ಕೊಂಡು ಬರ್ತೀನಿ ಬಿಡಿ," ಎಂದು ಗಂಡ ಎಲ್ಲರಿಗಿಂತ ಜೋರಾಗಿ ನಕ್ಕ. ಭೂಮಿ ಬಾಯಿ ಬಿಡಬಾರದೇ ಎನಿಸಿತು ಅವಳಿಗೆ.

ಗಾಡಿಯನ್ನು ನೆಲದಿಂದ ಇನ್ನಷ್ಟು ಎತ್ತಿಸುವ ಮಾತು ಮೊದಲು ತೆಗೆದವನು ಅವನೇ. ಆದರೆ ಅವನಿಗೆ ಬೇಕಿದ್ದ ಕಾರಣ ಬೇರೆ. ಕ್ಯಾನು ತುಂಬಿದ ಮೇಲೆ ಪಿಕಪ್ಪಿನ ಹಿಂಭಾಗ ಕುಕ್ಕರಿಸಿದ ಹಾಗೆ ಕೂತುಬಿಡುತ್ತಿತ್ತು. ಆಫೀಸುಗಳ ಬೀದಿಯ ಹಂಪಿನ ಮೇಲೆ ಹೊಟ್ಟೆ ಉಜ್ಜಿ ಕರ್ರ್ ಎನ್ನುತ್ತಿತ್ತು. ಅವಳೂ ಬರುತ್ತೇನೆ ಎಂದಳು. ಎಂದೂ ಗ್ಯಾರೇಜಿಗೆ ಬರದವಳು ಬರುತ್ತಾಳೆಂದು ಅವನಿಗೆ ಖುಷಿಯೋ ಖುಷಿ.

ಗ್ಯಾರೇಜು ಡ್ರೈವರುಗಳ ಸಂಘದ ಶೆಡ್ಡಿನಲ್ಲಿತ್ತು. ಅಲ್ಲಿನ ಮೇಸ್ತ್ರಿ ಅರವತ್ತು ದಾಟಿದವನು, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವವನು. ಅವತ್ತು ಅವನೇ ಕೇಳಿದ.

"ಗಾಡಿ ಎಲ್ಲಿ ಓಡಿಸ್ತೀಯ?"

"ಇದೇ ಬೀದಿಗಳಲ್ಲಿ. ಡಾಂಬರು ಬಿಟ್ಟು ಇಳಿಯೋದೇ ಇಲ್ಲ."

"ದಿನಕ್ಕೆ ಎಷ್ಟು ಸಲ ಹತ್ತಿ ಇಳೀತೀಯ?"

"ಎಂಬತ್ತು. ಬೇಸಿಗೇಲಿ ನೂರು."

"ಹಾಗಾದ್ರೆ ಎರಡಿಂಚು ಸಾಕು. ಮುಂದೆ ಸ್ಪ್ರಿಂಗಿನ ಮೇಲೆ ಒಂದು ದಪ್ಪ ಬಿಲ್ಲೆ, ಹಿಂದೆ ಸ್ಪ್ರಿಂಗ್ ಪಟ್ಟಿ ಕೆಳಗೆ ಒಂದು ಕಬ್ಬಿಣದ ದಿಮ್ಮಿ. ಹಂಪು ತಾಗಲ್ಲ, ಗಾಡಿ ಓಲಾಡಲ್ಲ, ಟೈರು ಒಂದೇ ಕಡೆ ಸವೆಯಲ್ಲ."

"ನಾಲ್ಕಿಂಚೂ ಎತ್ತುತ್ತೀರಂತಲ್ಲ?" ಎಂದಳು ಅವಳು.

ಮೇಸ್ತ್ರಿ ಅವಳ ಕಡೆ ತಿರುಗಿದ. "ಎತ್ತುತ್ತೀನಮ್ಮ. ಗುಡ್ಡ ಹತ್ತೋರಿಗೆ, ಕಲ್ಲುದಾರಿಗೆ ಹೋಗೋರಿಗೆ. ಅದಕ್ಕೆ ಸ್ಪ್ರಿಂಗು, ಶಾಕಬ್ಸರು, ಬ್ರೇಕಿನ ಪೈಪು, ಎಲ್ಲಾ ಉದ್ದಂದು ಬೇಕು. ಕ್ಯಾನು ಹೊರೋನಿಗೆ ಅದ್ಯಾಕೆ?"

"ರೋಡಲ್ಲಿ ಒಂದು ಗತ್ತು ಇರುತ್ತಲ್ಲ."

ಮೇಸ್ತ್ರಿ ವಾದ ಮಾಡಲಿಲ್ಲ. ಜಾಕು ತಂದು ಪಿಕಪ್ಪಿನ ಹಿಂಭಾಗವನ್ನು ನಾಲ್ಕಿಂಚು ಎತ್ತಿ, ಟೇಪು ಹಿಡಿದು ಅಳೆದು ನಿಲ್ಲಿಸಿದ. ಮೂಲೆಯಲ್ಲಿದ್ದ ತುಂಬಿದ ಕ್ಯಾನು ತೋರಿಸಿ, "ಇದನ್ನ ಒಳಗೆ ಇಡು ನೋಡೋಣ" ಎಂದ.

ಗಂಡ ಕ್ಯಾನನ್ನು ಎದೆಗೆ ತಂದುಕೊಂಡ. ಅಲ್ಲಿಂದ ಮೇಲಕ್ಕೆ ಹೋಗುವಾಗ ಅವನ ಹಿಮ್ಮಡಿ ಎರಡೂ ನೆಲ ಬಿಟ್ಟವು. ತುದಿಗಾಲಲ್ಲಿ ನಿಂತು ಕ್ಯಾನನ್ನು ಒಳಗೆ ದೂಡಿದ. ಕುತ್ತಿಗೆಯ ನರ ಉಬ್ಬಿ ಇಳಿಯಿತು.

"ಆಗುತ್ತೆ," ಎಂದ.

ಆ ಹಿಮ್ಮಡಿಗಳನ್ನು ಅವಳು ನೋಡಿದಳು. ನೋಡಲಿಲ್ಲ ಎಂದು ಯಾವ ದೇವರ ಮುಂದೆಯೂ ಅವಳು ಹೇಳುವಂತಿಲ್ಲ. ನೋಡಿಯೂ, "ಆಗುತ್ತೆ ಅಂತ ಅವರೇ ಅಂದ್ರಲ್ಲ, ನಾಲ್ಕೇ ಹಾಕಿ" ಎಂದಳು.

ಗಂಡ ಅವಳ ಮುಖ ನೋಡಿದ. ಒಂದು ಗಳಿಗೆ, ಅಷ್ಟೇ. ಅವಳಿಗೆ ಎತ್ತರ ಯಾಕೆ ಬೇಕು ಎನ್ನುವುದು ಅವನಿಗೆ ತಿಳಿಯಿತು. ತಿಳಿದದ್ದು ಅವಳಿಗೂ ತಿಳಿಯಿತು. ಆಮೇಲೆ ಅವನು ಮೇಸ್ತ್ರಿಯ ಬೆನ್ನು ತಟ್ಟಿದ. "ಮನೆಯೋರ ಆರ್ಡರ್ ಆಯ್ತಲ್ಲ ಮೇಸ್ತ್ರಿ. ಇನ್ನು ನೀನೂ ನಾನೂ ಯಾವ ಲೆಕ್ಕ? ನಾಲ್ಕೇ ಹಾಕು."

ಗಾಡಿ ಎತ್ತರವಾಯಿತು. ಅವನು ಎತ್ತರದಲ್ಲಿ ಕೂತು ಓಡಿಸಿದ. ಅವಳು ಬಾಗಿಲಲ್ಲಿ ನಿಂತು ನೋಡಿದಳು, ಸಮಾಧಾನವಾಯಿತು. ಒಂದು ವಾರಕ್ಕೆ ಅವನ ಭುಜಕ್ಕೆ ಮುಲಾಮು ಬಂತು. ಎರಡನೇ ವಾರಕ್ಕೆ ಸೊಂಟಕ್ಕೆ ಬೆಲ್ಟು ಬಂತು. ಅವನು ಅದರ ಮಾತೆತ್ತಲಿಲ್ಲ. ಅವಳೂ ಕೇಳಲಿಲ್ಲ.

ಮೂರನೇ ವಾರ, ಆ ಬುಧವಾರದ ಮಾರನೆಯ ದಿನ, ಆಫೀಸುಗಳ ಬೀದಿಯಲ್ಲಿ ಮೂರನೇ ಆಫೀಸಿಗೆ ಕ್ಯಾನು ಹಾಕುವಾಗ ಬಿದ್ದ. ನೋಡಿದವನು ಅಲ್ಲಿನ ಕಾವಲುಗಾರ. ಗಾಡಿಯ ಮೇಲೆ ಹತ್ತಿ ಒಳಗಿನ ಕ್ಯಾನುಗಳನ್ನು ಅಂಚಿಗೆ ಎಳೆದನಂತೆ. ಒಂದನ್ನು ಭುಜಕ್ಕೆ ಹಾಕಿಕೊಂಡನಂತೆ. ಹನ್ನೊಂದು ವರ್ಷದಿಂದ ಅದೇ ಗಾಡಿಯಿಂದ ಇಳಿಯುತ್ತಿದ್ದ ಹಾಗೆಯೇ, ಹಿಂದೆ ನೋಡದೆ, ಒಂದು ಕಾಲು ಹಿಂದಕ್ಕೆ ಬಿಟ್ಟನಂತೆ. ಕಾಲಿಗೆ ನೆಲ ಇರಬೇಕಾದಲ್ಲಿ ನೆಲ ಇರಲಿಲ್ಲ. ನಾಲ್ಕಿಂಚು ಕೆಳಗಿತ್ತು. ತಲೆ ಪಾದಚಾರಿ ಕಟ್ಟೆಯ ಅಂಚಿಗೆ ಹೊಡೆಯಿತು. ಅವಳು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮೈದುನ ಬಂದ. ಅವನೂ ಡ್ರೈವರೇ, ಬೇರೆಯವರ ವ್ಯಾನು ಓಡಿಸುವವನು. ಅಣ್ಣನ ಕಾಲು ಹಿಡಿದು ಅತ್ತ. ಅತ್ತು ಮುಗಿದ ಮೇಲೆ ಸಿಟ್ಟು ಹೊರಹಾಕಲು ಜಾಗ ಹುಡುಕಿದ. ಮೇಸ್ತ್ರಿ ಸಿಕ್ಕಿದ.

"ಆ ಮುದುಕನೇ ಕೊಂದದ್ದು ಅತ್ತಿಗೆ. ನಮ್ಮಣ್ಣನ ಅಳತೆ ಅವನಿಗೆ ಗೊತ್ತಿರ್ಲಿಲ್ವಾ? ಆಸೆ ತೋರಿಸಿ ನಾಲ್ಕಿಂಚು ಅಂಟಿಸಿದ್ದಾನೆ."

"ಅವನ ಕೈ ಸೇದಿಹೋಗ," ಎಂದಳು ಅತ್ತೆ.

ಅವಳು ಗೋಡೆಗೆ ಒರಗಿ ಕೂತಿದ್ದಳು. ಬಾಯಿ ತೆರೆದರೆ ಒಂದೇ ಮಾತು. ತೆರೆಯಲಿಲ್ಲ. ದುಃಖದಲ್ಲಿ ಮಾತು ಸತ್ತುಹೋಗಿದೆ ಪಾಪ ಎಂದು ಬಂದವರು ಅಂದರು. ಅದೂ ಅವಳಿಗೆ ಅನುಕೂಲವೇ ಆಯಿತು.

ಒಂದು ವಾರ ಬಿಟ್ಟು ಮೇಸ್ತ್ರಿಯೇ ಮನೆಗೆ ಬಂದ. ತೊಳೆದು ತೊಳೆದು ಕೆಂಪಾದ ಕೈ ಕಟ್ಟಿಕೊಂಡು ಹೊಸ್ತಿಲ ಹೊರಗೇ ನಿಂತ. ಒಳಗೆ ಬಾ ಎಂದು ಅತ್ತೆ ಕರೆಯಲಿಲ್ಲ. ಮೈದುನ ಎದ್ದು ನಿಂತು, "ನೋಡೋಕೆ ಬಂದ್ಯಾ, ಕೆಲಸ ಸರಿಯಾಗಿ ಆಗಿದ್ಯಾ ಅಂತ?" ಎಂದ. ಮೇಸ್ತ್ರಿ ಅವಳ ಕಡೆ ಒಮ್ಮೆ ನೋಡಿದ. ಅವಳು ನೀರು ತರುವವಳ ಹಾಗೆ ಒಳಗೆ ಹೋದಳು. ಯಂತ್ರದ ಕೋಣೆಯಲ್ಲಿ, ಖಾಲಿ ಕ್ಯಾನುಗಳ ನಡುವೆ, ಅವನ ಚಪ್ಪಲಿಯ ಸದ್ದು ದೂರ ಹೋಗುವ ತನಕ ನಿಂತಳು. ನೀರಿನ ಯಂತ್ರ ಇಟ್ಟುಕೊಂಡ ಮನೆಯಿಂದ ಒಂದು ಲೋಟ ನೀರು ಕುಡಿಯದೆ ಅವನು ಹೋದ.

ಗ್ಯಾರೇಜಿಗೆ ಗಾಡಿಗಳು ಬರುವುದು ನಿಂತಿತು. ಮೈದುನ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಹೇಳಿದ್ದ. ಸಾಲದೆಂದು ಸಂಘಕ್ಕೆ ಅರ್ಜಿ ಕೊಟ್ಟ: ಮೇಸ್ತ್ರಿಯನ್ನು ಶೆಡ್ಡಿನಿಂದ ಬಿಡಿಸಬೇಕು. ಭಾನುವಾರ ಬೆಳಿಗ್ಗೆ ಸಭೆ. "ನೀವೂ ಬರಬೇಕು ಅತ್ತಿಗೆ. ಮಾತಾಡೋದು ಬೇಡ, ಸುಮ್ಮನೆ ಕೂತ್ರೆ ಸಾಕು" ಎಂದ. ಸುಮ್ಮನೆ ಕೂರುವುದು ಅವಳಿಗೆ ಅಷ್ಟರಲ್ಲಿ ಚೆನ್ನಾಗಿ ಬರುತ್ತಿತ್ತು.

ಸಂಘದ ಕೋಣೆಯಲ್ಲಿ ಮೂವತ್ತು ಜನ ಗಂಡಸರು. ಹೆಂಗಸರೆಂದರೆ ಅವಳು ಮತ್ತು ಅತ್ತೆ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಅತ್ತೆಯ ಕಾಲು ನೆಲ ಮುಟ್ಟದೆ ಆಡುತ್ತಿತ್ತು. ಮೇಸ್ತ್ರಿ ಗೋಡೆಯ ಹತ್ತಿರ ನಿಂತಿದ್ದ.

ಸಂಘದ ಅಧ್ಯಕ್ಷ ಕೇಳಿದ: "ಮೇಸ್ತ್ರಿ, ಬೀದಿಯಲ್ಲಿ ಓಡೋ ಗಾಡಿಗೆ ಎರಡೇ ಇಂಚು ಅಂತ ನಮಗೆಲ್ಲಾ ಪಾಠ ಹೇಳೋನು ನೀನು. ಅವನಿಗೆ ನಾಲ್ಕು ಯಾಕೆ ಹಾಕಿದೆ? ಯಾರು ಹೇಳಿದ್ದು?"

ಮೇಸ್ತ್ರಿ ನೆಲ ನೋಡಿದ. "ಗಾಡಿ ಯಜಮಾನ."

"ಅವನೇ ಕೇಳಿದ್ನಾ?"

"ಹೌದು. ಅವನೇ."

"ಸತ್ತೋನ ತಲೆಗೆ ಕಟ್ತಿದ್ದಾನೆ ನೋಡಿ!" ಎಂದು ಮೈದುನ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. "ನಮ್ಮಣ್ಣ ಗತ್ತಿಗೆ ಆಸೆ ಪಡೋನಾ?"

ಅವಳು ಎದ್ದು ನಿಂತಳು. ಆ ಕೋಣೆಯಲ್ಲಿ ಎಲ್ಲರಿಗಿಂತ ಎತ್ತರ ಕಂಡಳು.

"ಅವರು ಕೇಳಲಿಲ್ಲ. ಮೇಸ್ತ್ರಿ ಎರಡೇ ಸಾಕು ಅಂದ್ರು. ನಾಲ್ಕು ಅಂದದ್ದು ನಾನು."

"ನೀವಾ? ಯಾಕೆ ಅತ್ತಿಗೆ?" ಎಂದ ಮೈದುನ. ಅವನ ದನಿಯಲ್ಲಿ ಸಿಟ್ಟು ಇನ್ನೂ ಬಂದಿರಲಿಲ್ಲ.

ಸುಳ್ಳು ಒಂದಲ್ಲ, ಹತ್ತು ಬಾಯಿಗೆ ಬಂದವು. ಹಂಪು ತಾಗುತ್ತಿತ್ತು ಎನ್ನಬಹುದಿತ್ತು. ಗೊತ್ತಾಗಲಿಲ್ಲ, ಹೆಂಗಸು ನಾನು, ಎನ್ನಬಹುದಿತ್ತು. ಎಲ್ಲರೂ ಅಯ್ಯೋ ಪಾಪ ಎಂದು ಒಪ್ಪುತ್ತಿದ್ದರು.

"ನಿಮ್ಮಣ್ಣ ಗಿಡ್ಡ ಇದ್ರು," ಎಂದಳು. "ನನಗೆ ನಾಚಿಕೆ ಆಗ್ತಿತ್ತು. ಎತ್ತರದಲ್ಲಿ ಕೂತು ಕಾಣಿಸಲಿ ಅಂತ ಹಾಕಿಸ್ದೆ. ಕ್ಯಾನು ಎತ್ತೋಕೆ ಕಷ್ಟ ಆಗೋದನ್ನ ಕಣ್ಣಾರೆ ನೋಡಿದ್ದೆ. ಆದ್ರೂ ಹಾಕಿಸ್ದೆ. ಮೇಸ್ತ್ರೀನ ಬಿಟ್ಟುಬಿಡಿ."

ಕೂತಳು. ಯಾರೋ ಕೆಮ್ಮಿದರು. ಅತ್ತೆ ಕುರ್ಚಿಯಿಂದ ಜಾರಿ ಇಳಿದು ಅವಳ ಮುಂದೆ ಬಂದು ನಿಂತಳು. ಕೂತ ಸೊಸೆಗೂ ನಿಂತ ಅತ್ತೆಗೂ ಕಣ್ಣು ಸಮಕ್ಕೆ ಇದ್ದವು.

"ಆ ಎತ್ತರ ನಾನು ಕೊಟ್ಟದ್ದು," ಎಂದಳು ಅತ್ತೆ. "ನನ್ನನ್ನ ಕಂಡ್ರೂ ನಿನಗೆ ನಾಚಿಕೆ ಆಗ್ತಿತ್ತೇನೇ?"

ಅತ್ತೆ ಮಗನ ಕೈ ಹಿಡಿದುಕೊಂಡು ಹೊರಗೆ ಹೋದಳು.

ಮೇಸ್ತ್ರಿ ಶೆಡ್ಡಿನಲ್ಲಿ ಉಳಿದ. ಮಾರನೆಯ ದಿನ ಅವಳು ಸಂಘದ ಒಬ್ಬ ಡ್ರೈವರನ ಕೈಲಿ ಪಿಕಪ್ಪನ್ನು ಅಲ್ಲಿಗೆ ಕಳಿಸಿ, ಹಿಂದೆಯೇ ತಾನೂ ನಡೆದು ಹೋದಳು.

"ಸುಳ್ಳು ಯಾಕೆ ಹೇಳಿದ್ರಿ?" ಎಂದಳು.

"ನಿಮ್ಮ ಗಂಡ ಹೇಳಿದ್ದ. ಗಾಡಿ ತಗೊಂಡು ಹೋಗೋಕೆ ಬಂದ ದಿನ. ಯಾರಾದ್ರೂ ಕೇಳಿದ್ರೆ ನನ್ನ ಹುಚ್ಚು ಅನ್ನು, ಅವಳ ಹೆಸರು ಎತ್ತಬೇಡ ಅಂತ." ಮೇಸ್ತ್ರಿ ಸ್ಪ್ಯಾನರು ಒರೆಸಿದ. "ಎರಡಿಂಚಿಗೆ ಇಳಿಸ್ಲೇನಮ್ಮ?"

"ಮೊದಲು ಹೇಗಿತ್ತೋ ಹಾಗೆ."

"ಹಂಪು ತಾಗುತ್ತೆ."

"ತಾಗಲಿ."

ಈಗ ಗಾಡಿ ಓಡಿಸುವವನು ಮೈದುನ. ಅಮ್ಮ ಹೇಳಿದ್ದಕ್ಕೆ ಬಂದಿದ್ದಾನೆ. ಅತ್ತಿಗೆ ಎನ್ನುವುದನ್ನು ಬಿಟ್ಟಿದ್ದಾನೆ. ಅತ್ತೆ ಅದೇ ಮನೆಯಲ್ಲಿ ಇದ್ದಾಳೆ, ಉಣ್ಣುತ್ತಾಳೆ, ಕೇಳಿದ್ದಕ್ಕೆ ಹ್ಞೂಂ ಎನ್ನುತ್ತಾಳೆ. ಅಷ್ಟಾದರೂ ಇದೆ.

ಕ್ಯಾನು ಏರಿಸಲು ಮೈದುನನಿಗೆ ಅವಳು ಬಿಡುವುದಿಲ್ಲ. ಬೆಳಿಗ್ಗೆ ಐದೂವರೆಗೆ ಯಂತ್ರದ ಕೋಣೆಯಿಂದ ಒಂದೊಂದೇ ಹೊತ್ತು ತರುತ್ತಾಳೆ. ಹಿಂದಿನ ಬಾಗಿಲು ಇಳಿಸುತ್ತಾಳೆ. ಗಾಡಿ ಈಗ ಅವಳಿಗೆ ತಗ್ಗು. ಪ್ರತಿ ಕ್ಯಾನಿಗೂ ಸೊಂಟ ಬಗ್ಗಿಸಬೇಕು, ಬಗ್ಗಿಸಿ ಒಳಕ್ಕೆ ದೂಡಬೇಕು. ಒಂದು ಸುತ್ತಿಗೆ ನಲವತ್ತು ಕ್ಯಾನು. ಮೈದುನ ಮುಂದೆ ಕೂತು ಕನ್ನಡಿಯಲ್ಲೂ ನೋಡುವುದಿಲ್ಲ. ನಲವತ್ತನೆಯದು ಇಟ್ಟು, ಬಾಗಿಲು ಮುಚ್ಚಿ, ಕೊಂಡಿ ಹಾಕಿ, ತಗಡಿನ ಮೇಲೆ ಎರಡು ಸಲ ತಟ್ಟುತ್ತಾಳೆ. ಗಾಡಿ ಹೊರಡುತ್ತದೆ.