ಕೋಲಿನೊಳಗಿನ ಸೀಸ

ಶೀಸಂ ಮರದ ಕಟ್ಟಿಗೆ ಕೊರೆಯುವ ವಾಸನೆ ಎಲ್ಲಾದರೂ ಬಂದರೆ ಸಾಕು, ಇಂದಿಗೂ ನನಗೆ ಕಾಕಾನ ಮೇಲೆ ಸಿಟ್ಟು ಉಕ್ಕುತ್ತದೆ. ಬೇರೆಯವರಿಗೆ ಹಳೆಯ ಮನೆಯ ವಾಸನೆಯೆಂದರೆ ಒಗ್ಗರಣೆಯದೋ ಊದಿನಕಡ್ಡಿಯದೋ ಇರಬಹುದು. ನನಗೆ ಕಟ್ಟಿಗೆಯ ಹೊಟ್ಟು ಮತ್ತು ನೀಲಿ ಸುಣ್ಣದ ಪುಡಿ. ಗಾಜಿಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಅಪ್ಪ ಮತ್ತು ಕಾಕಾ ಸೇರಿ ಪೂಲ್ ಟೇಬಲ್ ಹಾಕಿದ್ದರು, ತುದಿಗೆ ನೀಲಿ ಸುಣ್ಣ ಹಚ್ಚಿದ ಕೋಲಿನಿಂದ ಚೆಂಡು ಹೊಡೆದು ತೂತಿಗೆ ಬೀಳಿಸುವ ಆಟ. ಸಂಜೆಯಾದರೆ ಓಣಿಯ ಗಂಡಸರೆಲ್ಲ ಅಲ್ಲೇ. ಅಪ್ಪ ಹೈದರಾಬಾದಿನಿಂದ ತಂದ ಒಂದೇ ಒಂದು ಒಳ್ಳೆಯ ಕೋಲಿತ್ತು. ಯಾರೇ ಆಡಲಿ, ಅದೇ ಕೋಲು ಕೈಯಿಂದ ಕೈಗೆ ಹೋಗಬೇಕು, ಅದು ನಮ್ಮ ಮನೆಯ ಪದ್ಧತಿ. ಅಪ್ಪನಿಗೆ ಲಕ್ವಾ ಹೊಡೆದು ಬಲಗೈ ಬಿದ್ದ ಮೇಲೆ ನಾವು ಕಮಲಾಪುರಕ್ಕೆ, ಅವ್ವನ ತವರಿಗೆ ಹೋದೆವು. ಮನೆ, ಟೇಬಲ್, ಕೋಲು ಎಲ್ಲವೂ ಕಾಕಾನ ಪಾಲಾದವು. ಸೇಡಂ ರಸ್ತೆಯ ಡಾಕ್ಟರಿಗೆ ತೋರಿಸಲು ಪ್ರತಿ ಶನಿವಾರ ಬಸ್ಸಿನಲ್ಲಿ ಶಹರಕ್ಕೆ ಬಂದಾಗ ಕಾಕಾನ ಮನೆಗೂ ಹೋಗುತ್ತಿದ್ದೆವು. ಅಪ್ಪ ಆ ಕೋಲನ್ನೊಮ್ಮೆ ಸವರಿ ಇಡುತ್ತಿದ್ದರು. "ಅಣ್ಣಾ, ಚಹಾದ ಕಪ್ಪೇ ಹಿಡಿಲಾಕ ಬರವಲ್ದು, ಇದೆಲ್ಲಿ ಹಿಡಿತಿ ಬಿಡು," ಎಂದು ಕಾಕಾ ಎಲ್ಲರೆದುರು ನಗುತ್ತಿದ್ದ.

ಆ ನಗು ನಿಲ್ಲಿಸಲೇಬೇಕು ಅನಿಸಿತು. ನಾನಾಗ ಶಾಲೆಯಲ್ಲಿ ಏಳನೇ ಇಯತ್ತೆ. ಒಂದು ಶನಿವಾರ ಅಪ್ಪ ಅವ್ವ ಡಾಕ್ಟರ ಬಳಿ ಇದ್ದಾಗ ಕೋಲನ್ನು ಎತ್ತಿಕೊಂಡು ಮೋಮಿನಪುರ ಓಣಿಗೆ ಓಡಿದೆ. ಅಲ್ಲಿ ಮಂಚದ ಕಾಲು ಕಡೆಯುವ ರಶೀದ್ ಚಾಚಾ ಇದ್ದರು. ಅಪ್ಪನಿಗೆ ಹಿಡಿಯಲು ಬರುವಂತೆ ಕೆತ್ತಿ ತೆಳ್ಳಗೆ ಮಾಡಿಕೊಡಿ ಎಂದೆ. ಅವರು ಕೋಲನ್ನು ಬೆರಳ ಮೇಲೆ ತೂಗಿಸಿ ನೋಡಿ, "ಹಿಂದ ತೂಕಕ್ಕಂತ ಸೀಸ ತುಂಬ್ಯಾರ ಬೇಟಿ. ಕೆತ್ತೂದ್ಯಾಕ? ಇದು ತೆಗದರ ಹಲ್ಕಾ, ಹಗುರ ಆಗ್ತದ," ಎಂದು ಬುಡದ ರಬ್ಬರ್ ಬಿರಡೆ ಕಿತ್ತು, ಹೆಬ್ಬೆರಳಿನಷ್ಟು ಸೀಸದ ತುಂಡನ್ನು ಹೊರಗೆ ಉದುರಿಸಿದರು. ತೂತನ್ನು ಇನ್ನಷ್ಟು ಆಳಕ್ಕೆ ಕೊರೆದು ಬಿರಡೆ ಮುಚ್ಚಿದರು. ಆ ತುಂಡನ್ನು ನಾನು ಕಂಪಾಸಿನ ಡಬ್ಬಿಯಲ್ಲಿ ಹಾಕಿಕೊಂಡೆ.

ಅಂದು ಸಂಜೆ ಅಪ್ಪ ಆಡಿದರು! ಭಾರವೆಲ್ಲ ಮುಂದೆ ಸರಿದು ಎಡಗೈ ಮೇಲೆ ಬಿತ್ತು, ಸೋತ ಬಲಗೈ ಬರೀ ನೂಕಿದರೆ ಸಾಕಿತ್ತು. ಒಂದಾದ ಮೇಲೊಂದು ಮೂರು ಚೆಂಡು ಒಳಗೆ ಹೋದವು. ಪದ್ಧತಿಯಂತೆ ಅದೇ ಕೋಲು ಕಾಕಾನ ಕೈಗೆ ಬಂತು. ಅವನು ಎಂದಿನ ಜೋರಿನಲ್ಲೇ ಹೊಡೆದ, ಹಗುರಾದ ಬುಡ ಮೇಲೆದ್ದು ಬಿಳಿ ಚೆಂಡು ಟೇಬಲ್ ಹಾರಿ ಅಂಗಳಕ್ಕೆ ಉರುಳಿತು. ಪಡಸಾಲೆ ತುಂಬ ನಗು. ಕಾಕಾ ಕೋಲನ್ನು ತಿರುವಿ ತಿರುವಿ ನೋಡಿದ. ನಾನು ಚಪ್ಪಾಳೆ ಹೊಡೆದೆ.

ಮುಂದಿನ ಶನಿವಾರ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಕಾಕಾನೇ ಕೋಲು ತಂದು ಕೈಗಿಟ್ಟ. ಅಪ್ಪ ಬಾಗಿದರು, ಕೋಲು ಬಲಗೈಯಿಂದ ಜಾರಿ ದಬ್ಬನೆ ನೆಲಕ್ಕೆ ಬಿತ್ತು. ಎರಡನೆಯ ಸಲವೂ ಹಾಗೇ ಆಯಿತು. ನಾಚಿಕೆಯಿಂದ ನನಗೆ ತಲೆ ಕೆಟ್ಟಿತು. "ಮನಿಯಾಗ ಕೈ ಆಡ್ಸ್ರೀ ಅಂದ್ರ ಆಡ್ಸೂದಿಲ್ಲ ನೀವು, ಅದಕ್ಕೇ ಹಿಂಗಾಗ್ಯದ!" ಎಂದು ಎಲ್ಲರೆದುರು ಚೀರಿದೆ. ಅಪ್ಪ, "ಹೌದವ್ವ, ಕೈ ಹೋಯ್ತು," ಎಂದರು. ಮತ್ತೆಂದೂ ಅವರು ಕೋಲು ಮುಟ್ಟಲಿಲ್ಲ. ಡಾಕ್ಟರು ಹಿಸುಕಲು ಕೊಟ್ಟ ರಬ್ಬರ್ ಚೆಂಡನ್ನೂ ಮುಟ್ಟಲಿಲ್ಲ. ಕಮಲಾಪುರದ ಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿ, ಎರಡು ವರ್ಷಕ್ಕೆ ಹೋಗಿಬಿಟ್ಟರು.

ಕಾಕಾ ತೀರಿಕೊಂಡದ್ದು ಎಷ್ಟೋ ವರ್ಷಗಳ ಮೇಲೆ. ಪಡಸಾಲೆಯಿದ್ದಲ್ಲಿ ಈಗ ಅಂಗಡಿಯ ಶಟರ್ ಇದೆ. "ನಿಮ್ಮಪ್ಪಂದಲ್ಲೇನವ್ವ, ಒಯ್ಯಿ," ಎಂದು ಕಾಕಾನ ಹೆಂಡತಿ ಕಾಕು ಅಟ್ಟದಿಂದ ಕೋಲು ತೆಗೆದುಕೊಟ್ಟಳು. ಹಿಡಿದಾಗ ನನ್ನ ಗಟ್ಟಿ ಮಣಿಕಟ್ಟೇ ಬಾಗಿತು. ಅಲ್ಲೇ ಕೂತು ಬಿರಡೆ ಕಿತ್ತು ಬೋರಲು ಹಾಕಿದೆ. ಸೀಸದ ಸರಳೊಂದು ಜಾರಿ ಅಂಗೈಗೆ ಬಿತ್ತು, ನಾನು ಬಚ್ಚಿಟ್ಟ ತುಂಡಿನ ಎರಡರಷ್ಟು ಉದ್ದ.

ಸತ್ತವನನ್ನು ಬೈಯಬಾರದು ಎನ್ನುತ್ತಾರೆ, ನಾನು ಬೈಯುತ್ತೇನೆ. ಆದರೆ ಆ ಒಂದು ವಾರದಲ್ಲಿ ಕಾಕಾ ಕೋಲಿಗೆ ತುಂಬಿದ್ದು ಬರೀ ಸೀಸ. ಅಂದು ಚೀರುವ ಮೊದಲು ಆ ಕೋಲನ್ನು ಒಂದೇ ಒಂದು ಸಲ ನಾನೇ ಎತ್ತಿ ನೋಡಬಹುದಿತ್ತು. ಎತ್ತಲಿಲ್ಲ. ಅಪ್ಪನ ಕೈ ಹೋಗಿರಲಿಲ್ಲ. ಹೋಗಿದೆಯೆಂದು ಅವರನ್ನು ನಂಬಿಸಿದವಳು ನಾನು.