ಹಿಮದಲ್ಲಿ ಸತ್ತವನ ಪ್ರತಿಮೆ

ಸೈನ್ಯದಲ್ಲಿ ನಾನು ಡಾಕ್ಟರಾಗಿದ್ದೆ. ನಿವೃತ್ತನಾಗಿ ಕೋಲಾರಕ್ಕೆ ಬಂದ ಮೇಲೆ ಯುದ್ಧಗಳ ಇತಿಹಾಸ ಬರೆಯಲು ಕೂತೆ. ಕೆಲಸವೇನೂ ಬದಲಾಗಲಿಲ್ಲ, ಮೊದಲು ರೋಗಿ ಹೇಳಿದ್ದನ್ನು ಪೂರ್ತಿ ನಂಬುತ್ತಿರಲಿಲ್ಲ, ಈಗ ಊರು ಹೇಳಿದ್ದನ್ನು ನಂಬುವುದಿಲ್ಲ. ನಮ್ಮ ಕಡೆ ಗಡಿಯಲ್ಲಿ ಸತ್ತವರೆಲ್ಲ ಗುಂಡಿಗೇ ಸತ್ತವರು. ಜ್ವರ, ಕಾಮಾಲೆ, ಚಳಿ ಯಾರ ಭಾಷಣದಲ್ಲೂ ಬರುವುದಿಲ್ಲ. ಇದನ್ನು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಹೋದ ವರ್ಷ ಮುಳಬಾಗಿಲಿನ ಕಡೆಯ ಒಬ್ಬ ಮೇಷ್ಟ್ರು ಬಂದರು. ಅವರು ಕೂಸಾಗಿದ್ದಾಗ ಅವರ ತಂದೆ ಹಿಮದ ಗಡಿಯಲ್ಲಿ ತೀರಿಹೋಗಿದ್ದರು. ಶಿಲ್ಪಿಗಳ ಊರು ಶಿವಾರಪಟ್ಟಣದಲ್ಲಿ ತಂದೆಯ ಕಲ್ಲಿನ ಪ್ರತಿಮೆ ತಯಾರಾಗುತ್ತಿತ್ತು, ಬಂದೂಕು ಸಮೇತ. ಕೆಳಗೆ ಕೆತ್ತಲು ನಾಲ್ಕು ಸಾಲು ಬೇಕಿತ್ತು.

"ಶತ್ರು ಗುಂಡಿಗೆ ಎದೆಯೊಡ್ಡಿದರು ಅಂತ ನೀವು ಬರ್ಕೊಟ್ರೆ ಒಂದು ತೂಕ ಸಾರ್."

ಹೆಸರು, ರೆಜಿಮೆಂಟು ಕೇಳಿದೆ. ಆತ ಸತ್ತದ್ದು ನನ್ನ ಟೆಂಟಿನಲ್ಲೇ. ಅಷ್ಟು ಎತ್ತರದಲ್ಲಿ ಕೆಲವರಿಗೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುತ್ತದೆ. ಕೆಳಗೆ ಸಾಗಿಸಬೇಕಿತ್ತು, ಹೆಲಿಕಾಪ್ಟರ್ ಬರುವಂಥ ಹವೆ ಇರಲಿಲ್ಲ. ನನ್ನೊಡನೆ ತೆಲುಗು ಬೆರೆತ ನಮ್ಮ ಕನ್ನಡ ಆಡುತ್ತಿದ್ದ ಒಬ್ಬನೇ ಅವನು, ಅದಕ್ಕೇ ನೆನಪಿದ್ದ.

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮೇಷ್ಟ್ರ ಮುಖ ಸಪ್ಪಗಾಯಿತು.

"ಇದನ್ನ ಅಮ್ಮಂಗೆ ನೀವೇ ಬಂದು ಹೇಳಿ ಸಾರ್. ನನ್ನ ಕೈಲಾಗಲ್ಲ."

ಹೋದೆ. ಆಕೆ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕುತ್ತಿದ್ದರು. ಮಗ ಬಾಗಿಲಲ್ಲೇ ನಿಂತರು. ಹಾಗಾದರೆ ಗಂಡ ವೀರನಲ್ಲವೇ ಎಂದು ಆಕೆ ಅಳಬಹುದೆಂದುಕೊಂಡು ದಾರಿಯುದ್ದಕ್ಕೂ ಸಮಾಧಾನದ ಮಾತು ಹೊಂದಿಸಿಕೊಂಡಿದ್ದೆ. ಅಂಥ ಜಾಗದಲ್ಲಿ ಕಾವಲು ನಿಲ್ಲುವುದೇ ಶೌರ್ಯ, ಇತ್ಯಾದಿ. ಅದು ಸುಳ್ಳೂ ಅಲ್ಲ. ನಡೆದದ್ದನ್ನು ಹೇಳಿ ಅದನ್ನೂ ಹೇಳಿದೆ, ಆಕೆ ಕಿವಿಗೇ ಹಾಕಿಕೊಳ್ಳಲಿಲ್ಲ.

"ಹಂಗಾದ್ರೆ ಯಾರೂ ಹೊಡೀಲೇ ಇಲ್ವಾ ಸಾರ್?"

"ಇಲ್ಲಮ್ಮ."

ಸೊಪ್ಪು ಕೆಳಗಿಟ್ಟು ಕೂತುಬಿಟ್ಟರು. "ಅಯ್ಯೋ ದೇವುಡಾ! ದಿನಾ ದೀಪ ಹಚ್ಚುವಾಗ ಹೊಡ್ದೋನಿಗೆ ಶಾಪ ಹಾಕ್ತಿದ್ನಲ್ಲ. ನಿನ್ನ ಹೆಂಡ್ತೀನೂ ನನ್ನಂಗೇ ಆಗ್ಲಿ, ನಿನ್ನ ಮಕ್ಕಳೂ ಅಪ್ಪನ ಮುಖ ನೋಡದಂಗಾಗ್ಲಿ ಅಂತ. ಏನೂ ಮಾಡ್ದೋನ ಮನೇಗೆ ತಗುಲಿದ್ರೆ?"

ಸಾವುಗಳ ಬಗ್ಗೆ ಇಷ್ಟೆಲ್ಲ ಬರೆದವನಿಗೆ ಈ ಪ್ರಶ್ನೆ ಎಂದೂ ಹೊಳೆದಿರಲಿಲ್ಲ.

"ಅಂಥವನೊಬ್ಬ ಇರಲೇ ಇಲ್ಲಮ್ಮ. ಇಲ್ಲದವನಿಗೆ ಶಾಪ ಹೇಗೆ ತಗಲುತ್ತೆ?" ಎಂದೆ.

ಆಕೆ ಒಪ್ಪದೆ ತಲೆಯಾಡಿಸಿದರು.

"ಗಡಿ ಆಚೆಗೂ ಅದೇ ಚಳಿ ಅಲ್ವಾ ಸಾರ್? ಅಲ್ಲೂ ಯಾರೋ ಒಬ್ಬ ನಿಂತೇ ಇದ್ದಿರ್ತಾನಲ್ಲ."