ಮೊದಲ ಹಿಡಿ ಸೀತನಿ

ಬರುವುದಿಲ್ಲ ಎಂದು ಮೌಲಾ ಕಾಕಾ ಹೇಳಿರಲೇ ಇಲ್ಲ. ಆ ಮಾತು ನಾನು ಕಟ್ಟಿದ್ದು. ಅದನ್ನು ನಂಬಿಕೊಂಡೇ ನಮ್ಮಪ್ಪ ಸತ್ತ. ಇಷ್ಟು ಹೇಳುವುದಕ್ಕೆ ನನಗೆ ಒಂದು ಜನ್ಮ ಹಿಡಿಯಿತು — ಈಗ ಬಚ್ಚಿಡುವ ಶಕ್ತಿಯೂ ಉಳಿದಿಲ್ಲ.

ಅಪ್ಪ ನಿಜಾಮರ ರಿಸಾಲೆಯಲ್ಲಿ ಕುದುರೆ ಸವಾರನಾಗಿದ್ದವನು. ಮೊದಲ ಮಹಾಯುದ್ಧಕ್ಕೆ ಹಡಗು ಹತ್ತಿ ಮಿಸರ್ ದೇಶಕ್ಕೆ, ಅಂದರೆ ಈಜಿಪ್ಟಿಗೆ, ಹೋಗಿ ಬಂದಿದ್ದ. ಊರಿಗೆ ಮರಳಿ ಒಕ್ಕಲುತನಕ್ಕೆ ನಿಂತ ಮೇಲೆ, ವಾಡಿಯಿಂದ ಸೇಡಂವರೆಗೆ ರೈಲಿನ ಯಾವ ಡಬ್ಬಿ ಹತ್ತಿದರೂ ಯಾರಾದರೊಬ್ಬರು ಸರಿದು ಅವನಿಗೆ ಜಾಗ ಕೊಡುತ್ತಿದ್ದರು. ಅವನೋ — ಎಲ್ಲರ ಎತ್ತು, ಎಲ್ಲರ ಬೀಗರನ್ನು ವಿಚಾರಿಸಿ, ಒಂಟೆಯೊಂದು ತನ್ನ ಟೊಪ್ಪಿಗೆ ತಿಂದ ಕತೆ ಹೇಳಿಯೇ ಇಳಿಯುತ್ತಿದ್ದ. ಆ ಒಂಟೆ ವರ್ಷದಿಂದ ವರ್ಷಕ್ಕೆ ಎತ್ತರವಾಗುತ್ತಿತ್ತು. ಮನೆ ಮುಟ್ಟುವಾಗ ನಮಗೆಂದು ಅವನಲ್ಲಿ ಮಾತೇ ಉಳಿದಿರುತ್ತಿರಲಿಲ್ಲ.

ಚಿತ್ತಾಪುರದ ಮೌಲಾಸಾಬ ಅದೇ ರಿಸಾಲೆಯವರು. ಮರಳುಗಾಡಿನಲ್ಲಿ ರೊಟ್ಟಿ ತೀರಿದ ದಿನ ಇಬ್ಬರೂ ಕುದುರೆಯ ಕಡಲೆಯನ್ನು ಒಂದೇ ಅಂಗೈಯಿಂದ ತಿಂದಿದ್ದರಂತೆ. ಅದಕ್ಕೇ ಪ್ರತಿ ಚಳಿಗಾಲ ಹೊಲದಲ್ಲಿ ಎಳೆ ಜೋಳದ ತೆನೆ ಸುಟ್ಟು ಸೀತನಿ ಬಡಿದಾಗ, ಕರೆಸಿಕೊಂಡ ಜನರೆಲ್ಲ ಕಾಯಬೇಕು. ಮೊದಲ ಹಿಡಿ ಅಪ್ಪನ ಅಂಗೈಯಿಂದ ಮೌಲಾ ಕಾಕಾರ ಬಾಯಿಗೆ.

ನಿಜಾಮರ ಆಳ್ವಿಕೆ ಮುಗಿದು ಹಿಂದೂ-ಮುಸ್ಲಿಂ ಗಲಾಟೆಗಳಾದ ಆ ವರ್ಷದ ಚಳಿಗಾಲ. ಅಪ್ಪ ಹಾಸಿಗೆ ಹಿಡಿದಿದ್ದ.

“ಕರೀದೇ ಮೌಲಾ ಈ ಸಲ ಬರಂಗಿಲ್ಲ ಬಸಣ್ಣ. ನಮ್ಮೂರಿಗಿ ಬರ್ಲಾಕ ಅಂಜತಾನ. ನೀ ಹೋಗಿ ನಾ ಕರದೀನಂತ ಹೇಳು,” ಎಂದ.

ವಾಡಿಗೆ ಹೋದೆ. ಚಿತ್ತಾಪುರದ ಗಾಡಿ ಬಂತು, ಹೋಯಿತು; ನಾನು ಹತ್ತಲಿಲ್ಲ. ಚಹಾ ಕುಡಿಯುತ್ತ ಅಲ್ಲೇ ಕುಳಿತೆ. ಸಂಜೆ ಮನೆಗೆ ಬಂದು ಹೇಳಿದೆ: “ಬರಂಗಿಲ್ಲ ಅಂದ್ರಪ್ಪ.”

ಜನಕ್ಕೆ ಅಂಜಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಈ ಸಲ ಮೌಲಾಸಾಬ ಬರುತ್ತಾರೇನು ಎಂದು ಜನವೇ ಆಸೆಯಿಂದ ಕೇಳುತ್ತಿತ್ತು. ನನಗೆ ಆ ಮೊದಲ ಹಿಡಿ ಬೇಕಿತ್ತು — ಒಂದೇ ಒಂದು ಸಲ. ಮಕ್ಕಳ ತಂದೆಯಾದ ಗಂಡಸು ನಾನು, ಆದರೂ…

ಅಪ್ಪ ಗೋಡೆಯ ಕಡೆ ಹೊರಳಿದ. “ಅವಂದೇನು ತಪ್ಪಿಲ್ಲ ಬಿಡು,” ಎಂದ.

ಮರುದಿನ ಅಪ್ಪನನ್ನು ಬಂಡಿಯಲ್ಲಿ ಮಲಗಿಸಿ ಹೊಲಕ್ಕೆ ಕರೆದೊಯ್ದೆವು. ಅಂದು ಅವನು ಯಾರಿಗೂ ಒಂಟೆಯ ಕತೆ ಹೇಳಲಿಲ್ಲ. ಬಿಸಿ ಸೀತನಿ ಅಂಗೈಯಲ್ಲಿ ಹಿಡಿದು, ದಾರಿಯ ಕಡೆ ಒಮ್ಮೆ ನೋಡಿ, ಕಡೆಗೆ ನನ್ನತ್ತ ಚಾಚಿದ. ನಾನು — ತಿಂದೆ.

ತಿಂಗಳು ತುಂಬುವುದರೊಳಗೆ ಅಪ್ಪ ತೀರಿಕೊಂಡ. ಸುದ್ದಿ ಕೇಳಿ ಮೌಲಾ ಕಾಕಾ ಬಂದರು — ಯಾರಿಗೂ ಅಂಜದೆ, ಹಾಡುಹಗಲೇ. ಸಮಾಧಿಯ ಮುಂದೆ ನೆಟ್ಟಗೆ ನಿಂತು ಸಲಾಮು ಹೊಡೆದರು. ಆಮೇಲೆ ನನ್ನ ಕಡೆ ತಿರುಗಿದರು.

“ಈ ಸಲ ಕರೀಲಿಲ್ಲ ನಿಮ್ಮಪ್ಪ. ನನ್ನ ಮ್ಯಾಲ ಸಿಟ್ಟಿತ್ತೇನು?”

“ಭಾಳ ಜಡ್ಡಾಗಿತ್ರಿ ಕಾಕಾ,” ಎಂದೆ.

ತಲೆಯಾಡಿಸಿ ಹೊರಟುಹೋದರು. ಆ ಅನುಮಾನ ಇಟ್ಟುಕೊಂಡೇ ಮುಂದೆ ಅವರೂ ತೀರಿಕೊಂಡರು.

ನಾನು ಕ್ಷಮೆ ಕೇಳಬೇಕಾದ ಇಬ್ಬರೂ ಈಗ ಇಲ್ಲ. ಕಾಕಾರ ಮಗ ಚಿತ್ತಾಪುರದಲ್ಲಿದ್ದಾನೆ, ಅವನೂ ನನ್ನಂತೆ ಮುದುಕನಾಗಿದ್ದಾನೆ. ನಾಳೆ ವಾಡಿಗೆ ಹೋಗುತ್ತೇನೆ. ಈ ಸಲ ಗಾಡಿ ಹತ್ತುತ್ತೇನೆ. ಅವನಿಗೆ ಹೇಳುವುದು ಇಷ್ಟೇ — ನಮ್ಮಪ್ಪ ಕರೆದಿದ್ದ.